ಬಚ್ಚಲೊಲೆಯ ಪಕ್ಕದ ಗುರುಗುರು

ಆಟಿ ತಿಂಗಳ ಮಳೆ. ಸಂತೆಕಟ್ಟೆಯ ನಮ್ಮ ಮನೆಯ ಬಚ್ಚಲೊಲೆಯ ಮುಂದೆ ಬೂದು ಬಣ್ಣದ ಹೆಣ್ಣು ಬೆಕ್ಕೊಂದು ಮಳೆಗೆ ನೆನೆದು ಚಂಡಿಯಾಗಿ ಮುದುಡಿ ಕೂತಿತ್ತು. ಪಾಪ ಅನ್ನಿಸಿ ಎತ್ತಿಕೊಳ್ಳಲು ಹೋದೆ. ಮುಂಗೈಯಲ್ಲಿ ನಾಲ್ಕು ಕೆಂಪು ಗೆರೆ ಎದ್ದವು, ಬೆಕ್ಕು ಕಟ್ಟಿಗೆಯ ಅಟ್ಟಕ್ಕೆ ಹಾರಿತು. ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ ತುಂಬಾ ಹೊತ್ತು ತೊಳೆದು, ಅದೇ ದಿನ ಹೋಗಿ ರೇಬೀಸ್ ಚುಚ್ಚುಮದ್ದು ಶುರು ಮಾಡಿಸಿಕೊಂಡೆ. ಬೀದಿಯ ಬೆಕ್ಕು ಪರಚಿದರೆ ಇದನ್ನು ನಾಳೆಗೆ ಇಡಬಾರದು.

"ಪುಚ್ಚೆಯನ್ನು ಹಿಡಿಲಿಕ್ಕೆ ಹೋಗ್ಬೇಡ ಮಗಾ, ಅದಕ್ಕೆ ಬೇಕಾದಾಗ ಬರ್ತದೆ" ಅಂದರು ಅತ್ತೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ನಾಡದೋಣಿಯವರ ಬೂತಾಯಿ ಮೀನು ಸಿಕ್ಕಿದ ದಿನ ಎರಡನ್ನು ಉಪ್ಪು ಖಾರ ಇಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ, ಒಲೆಯ ಹತ್ತಿರ ಇಡುತ್ತಿದ್ದೆ. ನಾನು ಬಾಗಿಲ ಬಳಿ ಮಣೆ ಹಾಕಿಕೊಂಡು, ಅದರ ಕಣ್ಣು ನೋಡದೆ, ಪಕ್ಕಕ್ಕೆ ತಿರುಗಿ ಕೂರುತ್ತಿದ್ದೆ. ಹೀಗೆ ಹನ್ನೊಂದು ದಿನ. ಹನ್ನೆರಡನೇ ದಿನ ಒಂದು ಬೆರಳನ್ನು ಅದರ ಮೂಗಿನ ಎತ್ತರಕ್ಕೆ ಚಾಚಿ ಸುಮ್ಮನಿದ್ದೆ. ಬಂತು, ಮೂಸಿತು, ಕೆನ್ನೆಯನ್ನು ಬೆರಳಿಗೆ ಒಮ್ಮೆ ಒರೆಸಿ ಹೋಯಿತು. ಅಷ್ಟಕ್ಕೇ ನನ್ನ ಕಣ್ಣು ತುಂಬಿತ್ತು.

ಕೆನ್ನೆ, ಗದ್ದ, ಕಣ್ಣು ಕಿವಿಗಳ ನಡುವಿನ ಜಾಗದಲ್ಲಿ ಬೆಕ್ಕಿಗೆ ವಾಸನೆಯ ಗ್ರಂಥಿಗಳುಂಟು. ಅಲ್ಲಿ ತಿಕ್ಕಿದಾಗ ತನ್ನ ವಾಸನೆ ನಮಗೆ ಹತ್ತುತ್ತದೆ, ನಾವು ಅದರ ಪರಿಚಯದವರಾಗುತ್ತೇವೆ. ಸ್ನೇಹದ ಬೆಕ್ಕುಗಳು ಒಂದನ್ನೊಂದು ನೆಕ್ಕುವುದೂ ಹೆಚ್ಚಾಗಿ ತಲೆ, ಕತ್ತಿನ ಸುತ್ತಲೇ. ಹಾಗಾಗಿ ನಾನೂ ಅಲ್ಲಿಂದಲೇ ಶುರು ಮಾಡಿದೆ. ಒಂದೇ ಬೆರಳಲ್ಲಿ ದವಡೆಯಿಂದ ಕಿವಿಯ ಬುಡದವರೆಗೆ, ಮೂರು ಸಲ ಸವರಿ ಕೈ ನಿಲ್ಲಿಸುವುದು. ತಲೆಯನ್ನು ತಾನೇ ಒತ್ತಿ ತಂದರೆ ಇನ್ನು ಮೂರು ಸಲ. ಹೊಟ್ಟೆ ಮುಟ್ಟುತ್ತಿರಲಿಲ್ಲ. ಬಾಲದ ಬುಡವೂ ಹೆಚ್ಚಿನ ಬೆಕ್ಕುಗಳಿಗೆ ಆಗಿಬರುವುದಿಲ್ಲ. ಬಾಲದ ತುದಿ ಪಟಪಟ ಅಂದರೆ, ಬೆನ್ನಿನ ಚರ್ಮ ಅದುರಿದರೆ, ಕಿವಿ ಹಿಂದಕ್ಕೆ ಮಡಚಿದರೆ, ಗುರುಗುಟ್ಟುತ್ತಿದ್ದರೂ ಸರಿ, ಕೈ ತೆಗೆಯಬೇಕು. ಮುದ್ದಿನ ನಡುವೆ ದಿಢೀರನೆ ಕಚ್ಚಿತು ಅನ್ನುವವರು ಈ ಸೂಚನೆಗಳನ್ನು ನೋಡಿರುವುದಿಲ್ಲ.

ಗುರುಗುರು ಹುಟ್ಟುವುದು ಧ್ವನಿಪೆಟ್ಟಿಗೆಯಲ್ಲಿ, ಸೆಕೆಂಡಿಗೆ ಸುಮಾರು 25ರಿಂದ 30 ಕಂಪನ. ಉಸಿರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ನಡೆಯುತ್ತದೆ, ಅದಕ್ಕೇ ತುಂಡಾಗದೆ ಕೇಳುತ್ತದೆ. ಇಷ್ಟು ಸಣ್ಣ ಪ್ರಾಣಿಯಲ್ಲಿ ಇಷ್ಟು ತಗ್ಗಿನ ದನಿ ಹೇಗೆ? ವಿಯೆನ್ನಾದ ವಿಜ್ಞಾನಿ ಕ್ರಿಸ್ಟಿಯನ್ ಹರ್ಬ್ಸ್ಟ್ ಮತ್ತು ಸಂಗಡಿಗರು 2023ರಲ್ಲಿ ಹೇಳಿದಂತೆ, ಬೆಕ್ಕಿನ ಧ್ವನಿತಂತುಗಳೊಳಗೆ ಹುದುಗಿರುವ ಮೆತ್ತೆಯಂಥ ಅಂಗಾಂಶ ಅವುಗಳ ಕಂಪನವನ್ನು ನಿಧಾನಗೊಳಿಸುತ್ತಿರಬಹುದು.

ಆ ದೀಪಾವಳಿಗೆ ಅದೇ ಅಟ್ಟದಲ್ಲಿ ಮೂರು ಮರಿ ಹಾಕಿತು. ಹೆರುವಾಗಲೂ ಗುರುಗುಟ್ಟುತ್ತಿತ್ತು. ಹುಟ್ಟಿದ ಮರಿಗೆ ಕಣ್ಣು ತೆರೆದಿರುವುದಿಲ್ಲ, ಕಿವಿ ಕೇಳುವುದಿಲ್ಲ, ಆದರೆ ತಾಯಿಯ ಮೈಯ ಕಂಪನ ತಿಳಿಯುತ್ತದೆ. ಕೆಲವೇ ದಿನಗಳಲ್ಲಿ ಮರಿಗಳೂ ಮೊಲೆಹಾಲು ಚೀಪುತ್ತಲೇ ಗುರುಗುಟ್ಟತೊಡಗಿದವು, ಪುಟ್ಟ ಮುಂಗಾಲುಗಳಿಂದ ಹೊಟ್ಟೆ ಒತ್ತುತ್ತಿದ್ದವು. ಈಗ ದೊಡ್ಡದಾದ ಮರಿ ನನ್ನ ಮಡಿಲಲ್ಲಿ ಸೀರೆಯನ್ನು ಹಾಗೆಯೇ ಒತ್ತುವಾಗ ಅಟ್ಟದ ಆ ಮೂಲೆ ನೆನಪಾಗುತ್ತದೆ.

ಇಷ್ಟೆಲ್ಲ ನೋಡಿಯೂ ಒಂದು ತಪ್ಪು ಮಾಡಿದೆ. ಮಾರ್ಚ್‌ನಲ್ಲಿ ಎರಡು ದಿನ ತಾಯಿ ಬೆಕ್ಕು ಮೆಟ್ಟಿಲ ಕೆಳಗೇ ಮಲಗಿ ಗುರುಗುಟ್ಟುತ್ತಿತ್ತು. ಸುಖವಾಗಿ ನಿದ್ದೆ ಮಾಡುತ್ತಿದೆ ಅಂದುಕೊಂಡೆ. ಬಂಗುಡೆಯ ತಟ್ಟೆ ಹಾಗೇ ಉಳಿದದ್ದು ಕಂಡಮೇಲೆ ಹತ್ತಿರ ಹೋಗಿ ನೋಡಿದರೆ ಹಿಂಗಾಲು ಬಾತಿತ್ತು, ಮೈ ಕಾದಿತ್ತು. ಬೇರೆ ಬೆಕ್ಕು ಕಚ್ಚಿದ ತೂತು ಮೇಲಿಂದ ಮುಚ್ಚಿ, ಒಳಗೆ ಕೀವು ತುಂಬಿತ್ತು. ಪಶುವೈದ್ಯರ ಮೇಜಿನ ಮೇಲೂ ಗುರುಗುರು ನಿಲ್ಲಲಿಲ್ಲ. ಎದೆಬಡಿತ ಕೇಳಲು ಅವರು ಪಕ್ಕದ ನಳ್ಳಿ ಬಿಟ್ಟರು. ನೀರಿನ ಸದ್ದಿಗೆ ಒಂದು ಕ್ಷಣ ಸುಮ್ಮನಾಯಿತು.

"ನೋವಾದಾಗಲೂ ಹೆದರಿದಾಗಲೂ ಹೀಗೆ ಮಾಡ್ತವೆ ಅಮ್ಮ, ತನ್ನನ್ನು ತಾನು ಸಮಾಧಾನ ಮಾಡ್ಕೊಳ್ಳುವ ಹಾಗೆ" ಅಂದರು. ಎರಡು ದಿನ ಅದು ನೋವು ತಿಂದದ್ದು ನನ್ನ ಕಿವಿಗೆ ಸಂತೋಷವಾಗಿ ಕೇಳಿಸಿತ್ತಲ್ಲ ಅನ್ನುವುದು ಇವತ್ತಿಗೂ ಹೊಟ್ಟೆಯೊಳಗೆ ಚುಚ್ಚುತ್ತದೆ.

ಈಗ ಗುರುಗುರು ಕೇಳಿದರೆ ಮೊದಲು ತಟ್ಟೆ ನೋಡುತ್ತೇನೆ, ಆಮೇಲೆ ಅದು ಕೂತ ಭಂಗಿ, ನಡಿಗೆ, ಕಣ್ಣು. ಕೀವು ತೆಗೆಸಿ, ಮದ್ದು ಶುರುವಾದ ನಾಲ್ಕನೇ ದಿನ ಬಚ್ಚಲೊಲೆಯ ಹತ್ತಿರ ಕೂತು ಬೆರಳು ಚಾಚಿದೆ. ಕುಂಟುತ್ತಾ ಬಂತು, ಮೂಸಿತು, ಕೆನ್ನೆ ಒರೆಸಿತು. ಆ ದಿನ ಅದು ಗುರುಗುಟ್ಟಲಿಲ್ಲ. ನೇರ ತಟ್ಟೆಗೆ ಹೋಗಿ ಮೀನು ತಿಂದಿತು.