ಸ್ಫೋಟದ ನಡುಕ ಅಳೆಯುವ ಮುಂಚೆ ನೆಲ ನೋಡಿ

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ಎಷ್ಟೋ ಜನ ಭೂಕಂಪ ಅಂತಲೇ ಹೊರಗೆ ಓಡಿ ಬಂದರು. ಆದರೆ ನಡುಕ ಎಷ್ಟು ಅಂತ ನೋಡಿ ಸ್ಫೋಟ ಇಷ್ಟೇ ದೊಡ್ಡದು ಅನ್ನೋಕಾಗಲ್ಲ.

ಮೊದಲು ಸಿಡಿದದ್ದು ಎಲ್ಲಿ ಅಂತ ಕೇಳಿ. ನೆಲದ ಮೇಲೆ ಸಿಡಿದರೆ ಬಲದ ಜಾಸ್ತಿ ಪಾಲು ಗಾಳಿಗೇ ಹೋಗುತ್ತದೆ, ಕಿಟಕಿ ಗಾಜು ಗಡಗಡ ಅನ್ನೋದು ಹೆಚ್ಚಾಗಿ ಅದರಿಂದಲೇ. ಆಳದಲ್ಲಿ ಹೂತು ಸಿಡಿಸಿದರೆ ಅಷ್ಟೇ ಮದ್ದು ನೆಲವನ್ನು ತುಂಬಾ ಜೋರಾಗಿ ಅಲುಗಿಸುತ್ತದೆ.

ಆಮೇಲೆ ಕಲ್ಲು ನೋಡಿ. ಇದನ್ನು ಮನೆಯಲ್ಲೇ ಮಾಡಬಹುದು: ಅಂಗಳದ ಚಪ್ಪಡಿ ಕಲ್ಲಿನ ಒಂದು ತುದಿಗೆ ಸುತ್ತಿಗೆಯಿಂದ ಹೊಡೆಯಿರಿ, ಇನ್ನೊಂದು ತುದಿಯಲ್ಲಿ ನೀರು ತುಂಬಿದ ಸ್ಟೀಲ್ ತಟ್ಟೆ ಇಡಿ, ನೀರು ಪುಟ್ಟ ಪುಟ್ಟ ಅಲೆಯಾಗಿ ನಡುಗುತ್ತದೆ. ತಟ್ಟೆಯನ್ನು ಒಣ ಮರಳಿನ ಗುಡ್ಡೆಯ ಒಂದು ಬದಿಯಲ್ಲಿಟ್ಟು ಇನ್ನೊಂದು ಬದಿಗೆ ಅದೇ ಏಟು ಹಾಕಿ ನೋಡಿ, ನೀರು ಬಹುತೇಕ ಸುಮ್ನೆ ಇರುತ್ತದೆ. ಮರಳಿನ ಕಣಗಳ ನಡುವಿನ ಖಾಲಿ ಜಾಗ ಕುಸಿಯುವುದರಲ್ಲೇ ಏಟಿನ ಬಲ ಖರ್ಚಾಗುತ್ತದೆ, ಅಲ್ವಾ? ಆ ಜಾಗದಲ್ಲಿ ನೀರು ತುಂಬಿದ್ದರೆ ಕಥೆಯೇ ಬೇರೆ, ಅಲೆ ಚೆನ್ನಾಗಿ ದಾಟುತ್ತದೆ.

ಗುಹೆಯಂಥ ದೊಡ್ಡ ಪೊಳ್ಳಿನಲ್ಲಿ ಸಿಡಿದರಂತೂ ನಡುಕ ತುಂಬಾ ಸೊರಗುತ್ತದೆ. ಅಮೆರಿಕದ ಮಿಸಿಸಿಪ್ಪಿಯಲ್ಲಿ 1964ರಲ್ಲಿ ನೆಲದಡಿಯ ಉಪ್ಪಿನ ಗುಮ್ಮಟದೊಳಗೆ ಅಣು ಸ್ಫೋಟ ಮಾಡಿದರು, 1966ರಲ್ಲಿ ಅದರಿಂದಾದ ಪೊಳ್ಳಿನೊಳಗೇ ಇನ್ನೊಂದು ಚಿಕ್ಕದನ್ನು ಸಿಡಿಸಿದರು. ಅಷ್ಟೇ ಬಲದ್ದನ್ನು ಪೊಳ್ಳಿಲ್ಲದೆ ಹೂತು ಸಿಡಿಸಿದ್ದರೆ ಆಗುತ್ತಿದ್ದ ನಡುಕಕ್ಕಿಂತ ಇದರ ನಡುಕ ಸುಮಾರು 70 ಪಟ್ಟು ಕಡಿಮೆಯಿತ್ತು.

ಕೊನೆಗೆ ನಿಮ್ಮ ಕಾಲಡಿಯ ನೆಲ. ತುಂಗಾ ದಡದ ಮೆತ್ತನೆ ಮಣ್ಣಿನ ಮೇಲಿನ ಮನೆ, ಬಂಡೆ ಮೇಲಿನ ಮನೆಗಿಂತ ಜಾಸ್ತಿ ಅಲುಗಬಹುದು.