ಹಾರ ಬೇಡ, ಹಾರಿದ್ದನ್ನು ಹೇಳಿ: ಯುದ್ಧಕಾಲದ ಪೈಲಟ್‌ಗಳನ್ನು ಊರಲ್ಲಿ ನೆನೆಯುವ ಬಗೆ

ನಮ್ಮ ಕೋಲಾರದ ಕಡೆ ಯಾರನ್ನಾದರೂ ನೆನೆಯಬೇಕು ಅಂದರೆ ಒಂದು ಫ್ಲೆಕ್ಸ್, ಒಂದು ಹಾರ, ನಾಲ್ಕು ಭಾಷಣ. ಕೊನೆಗೊಂದು ಗ್ರೂಪ್ ಫೋಟೊ. ಎರಡನೇ ಮಹಾಯುದ್ಧದ ಪೈಲಟ್‌ಗಳಿಗೆ ನಮನ ಅಂತ ನಾವು ಮೊದಲ ಸಲ ಕಾರ್ಯಕ್ರಮ ಇಟ್ಟಾಗಲೂ ಹಾಗೇ ಮಾಡಿದ್ದೆವು. ಫ್ಲೆಕ್ಸ್ ಬಿಚ್ಚಿ ಕಟ್ಟಿದ ಮೇಲೆ ನೋಡಿದರೆ ಅದರಲ್ಲಿ ಈಗಿನ ಕಾಲದ ಜೆಟ್ ಹಾರುತ್ತಿದೆ! ಮುಂದಿನ ಸಾಲಲ್ಲಿ ಕೂತಿದ್ದ ತಾತ ಒಬ್ಬರು, ಏರ್‌ಫೋರ್ಸ್‌ನಲ್ಲಿ ಮೆಕ್ಯಾನಿಕ್ ಆಗಿದ್ದವರು, ಕನ್ನಡಕ ಸರಿ ಮಾಡಿಕೊಂಡು ಕೇಳಿದರು: "ಏನಪ್ಪಾ, ಮೂತಿಯಲ್ಲಿ ಫ್ಯಾನೇ ಇಲ್ವಲ್ಲ?" ಅವತ್ತು ಆದ ಅವಮಾನದಿಂದ ಕಲಿತಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಶಾಲೆಯಲ್ಲೋ ಲೈಬ್ರರಿಯಲ್ಲೋ ಇಂಥದ್ದು ಮಾಡುವ ಆಸೆ ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲ ಕೆಲಸ, ಫ್ಲೆಕ್ಸ್ ಬಿಟ್ಟುಬಿಡಿ. ಆ ದುಡ್ಡಲ್ಲಿ ಎ4 ಅಳತೆಯ ಹತ್ತು ಫೋಟೊ ಪ್ರಿಂಟ್ ಹಾಕಿಸಿ. ಒಬ್ಬ ಮನುಷ್ಯ, ಅವರು ಹಾರಿಸಿದ ಒಂದು ವಿಮಾನ, ಕೆಳಗೆ ಎರಡೇ ಸಾಲು. "ವೀರ", "ಧೀರ" ಅಂತೆಲ್ಲ ಬರೆಯಬೇಡಿ. ಎಲ್ಲರಿಗೂ ಅದನ್ನೇ ಬರೆದರೆ ಯಾರೂ ನೆನಪಲ್ಲಿ ಉಳಿಯುವುದಿಲ್ಲ. ಅವರ ಬಗ್ಗೆ ಒಂದು ಚಿಕ್ಕ, ನಿಜವಾದ ಸಂಗತಿ ಹುಡುಕಿ ಅದನ್ನೇ ಬರೆಯಿರಿ. ಮಹಿಂದರ್ ಸಿಂಗ್ ಪುಜ್ಜಿ 1940ರಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯ ಪೈಲಟ್‌ಗಳಲ್ಲಿ ಒಬ್ಬರು. ಹರಿಕೇನ್ ಎಂಬ ಫೈಟರ್ ವಿಮಾನ ಹಾರಿಸುವಾಗಲೂ ಪೇಟ ತೆಗೆಯಲಿಲ್ಲ. ಇನ್ನೊಂದು ಪೇಟವನ್ನೂ ಜೊತೆಗೆ ಇಟ್ಟುಕೊಳ್ಳುತ್ತಿದ್ದರು. ಆ ಎರಡನೇ ಪೇಟದ ಮಾತು ಹೇಳಿದ ತಕ್ಷಣ ಮಕ್ಕಳು ಕಿವಿ ನಿಮಿರಿಸಿ ಕೂರುತ್ತಾರೆ. ಕಲ್ಕತ್ತೆಯ ಇಂದ್ರಲಾಲ್ ರಾಯ್ ಅದಕ್ಕೂ ಹಿಂದಿನವರು, ಮೊದಲ ಮಹಾಯುದ್ಧದ ಪೈಲಟ್. 1918ರ ಜುಲೈನಲ್ಲಿ, ಎರಡು ವಾರವೂ ತುಂಬುವ ಮೊದಲೇ ಶತ್ರು ವಿಮಾನಗಳ ಮೇಲೆ 10 ಗೆಲುವು. ಜುಲೈ 22ಕ್ಕೆ ಸತ್ತೇ ಹೋದರು. ವಯಸ್ಸು 19. ಇದನ್ನು ಪಿಯುಸಿ ಮುಗಿಸಿದ ಹುಡುಗನ ಕೈಲಿ ಓದಿಸಿ, ವಿವರಣೆ ಬೇಕಾಗಿಲ್ಲ.

ಈಗ ನನಗೆ ಇಷ್ಟವಾದ ಭಾಗ. ಯುದ್ಧದ ಪೈಲಟ್ ಅಂದರೆ ಎಲ್ಲರೂ ಗುಂಡು ಹಾರಿಸಿದವರನ್ನೇ ನೆನೆಯುತ್ತಾರೆ, ಆದರೆ ಆ ವಿಮಾನ ಫ್ಯಾಕ್ಟರಿಯಿಂದ ನೆಲೆಗೆ ತಾನಾಗಿಯೇ ನಡೆದು ಬಂತಾ? ಯಾರೋ ಹಾರಿಸಿಕೊಂಡು ತಂದು, ಸಹಿ ಹಾಕಿಸಿಕೊಂಡು, ಇನ್ನೊಂದನ್ನು ತರಲು ವಾಪಸ್ ಹೋಗಿರಬೇಕು ಅಲ್ವಾ? ಬ್ರಿಟನ್ನಿನಲ್ಲಿ ಆ ಕೆಲಸ ಮಾಡಿದ್ದು ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ, ಚಿಕ್ಕದಾಗಿ ಎಟಿಎ. ಯುದ್ಧ ಮುಗಿಯುವ ಹೊತ್ತಿಗೆ 3 ಲಕ್ಷಕ್ಕೂ ಹೆಚ್ಚು ವಿಮಾನ ತಲುಪಿಸಿದ್ದರು. 1940ರ ಜನವರಿ 1ಕ್ಕೆ ಪಾಲಿನ್ ಗೋವರ್ ಅವರ ಕೈಕೆಳಗೆ ಎಂಟು ಹೆಂಗಸರು ಸೇರಿದರು. ಮೊದಮೊದಲು ಅವರಿಗೆ ಕೊಟ್ಟಿದ್ದು ಮೇಲೆ ಮುಚ್ಚಳವಿಲ್ಲದ ಟೈಗರ್ ಮಾತ್ ಎಂಬ ತರಬೇತಿ ವಿಮಾನ, ಅದೂ ಅಲ್ಲಿನ ಚಳಿಗಾಲದಲ್ಲಿ. ಆಮೇಲೆ ಹೆಂಗಸರ ಸಂಖ್ಯೆ 160 ದಾಟಿತು, ಸ್ಪಿಟ್‌ಫೈರ್ ಫೈಟರ್‌ನಿಂದ ಹಿಡಿದು ನಾಲ್ಕು ಎಂಜಿನ್ನಿನ ಬಾಂಬರ್ ತನಕ ಎಲ್ಲ ಹಾರಿಸಿದರು. ಮಾತಾಡಲು ರೇಡಿಯೋ ಇಲ್ಲ. ಕೆಳಗೆ ಕಾಣುವ ರೈಲು ಹಳಿ, ನದಿ, ರಸ್ತೆ ನೋಡಿಕೊಂಡು ಹೋಗಬೇಕು. ಸಂಬಳ ಗಂಡಸರಿಗಿಂತ ಐದನೇ ಒಂದು ಭಾಗ ಕಡಿಮೆ ಇತ್ತು, 1943ರಲ್ಲಿ ಸಮ ಆಯಿತು. ಈ ಸಂಬಳದ ವಿಷಯ ತಪ್ಪದೆ ಹೇಳಿ. ನಮ್ಮ ಕಾರ್ಯಕ್ರಮದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಮೊದಲು ಚಪ್ಪಾಳೆ ಹೊಡೆದಿದ್ದು ಅಲ್ಲೇ.

ಎಟಿಎ ಪೈಲಟ್ ಮೇರಿ ಎಲಿಸ್ ಕಥೆಯನ್ನು ಒಬ್ಬರು ಅಭಿನಯ ಮಾಡಿ ತೋರಿಸಿದರೆ ಚೆನ್ನ. ಆಕೆ ವೆಲಿಂಗ್ಟನ್ ಬಾಂಬರ್ ಒಂದನ್ನು ಒಬ್ಬರೇ ತಂದು ಇಳಿಸಿದರು. ನೆಲದ ಸಿಬ್ಬಂದಿ ಪೈಲಟ್ ಎಲ್ಲಿ ಅಂತ ಕೇಳಿದರು. ನಾನೇ ಅಂದರೂ ನಂಬದೆ ವಿಮಾನದ ಒಳಗೆಲ್ಲ ಗಂಡಸನ್ನು ಹುಡುಕಿದರಂತೆ! ಸುಮಾರು 1,000 ವಿಮಾನ ತಲುಪಿಸಿದ ಈಕೆ 2018ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. ನಗು ಬಂದ ಮೇಲೆ ಆಮಿ ಜಾನ್ಸನ್ ಹೆಸರು ಎತ್ತಿ. 1930ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬಳೇ ಹಾರಿದಾಕೆ, ದಾರಿಯಲ್ಲಿ ನಮ್ಮ ಝಾನ್ಸಿಯಲ್ಲೂ ಇಳಿದಿದ್ದರು. 1941ರ ಜನವರಿ 5ಕ್ಕೆ ಎಟಿಎ ವಿಮಾನ ತಲುಪಿಸುವಾಗ ಥೇಮ್ಸ್ ನದಿ ಸಮುದ್ರ ಸೇರುವ ಕಡೆ ಬಿದ್ದುಹೋದರು. ದೇಹ ಸಿಗಲೇ ಇಲ್ಲ. ಆಕೆಯನ್ನು ಕಾಪಾಡಲು ಹಡಗಿನಿಂದ ಆ ಕೊರೆಯುವ ನೀರಿಗೆ ಹಾರಿದ ವಾಲ್ಟರ್ ಫ್ಲೆಚರ್ ಎಂಬ ಅಧಿಕಾರಿಯೂ ಉಳಿಯಲಿಲ್ಲ. ಆಮಿಯ ಹೆಸರು ಓದಿದಾಗ ಅವನ ಹೆಸರನ್ನೂ ಓದಿ, ಬಹಳ ಜನ ಮರೆಯುತ್ತಾರೆ.

ಅಮೆರಿಕದಲ್ಲಿ ಇಂಥದ್ದೇ ಕೆಲಸ ಮಾಡಿದ ವಾಸ್ಪ್ ಎಂಬ ಮಹಿಳಾ ಪೈಲಟ್‌ಗಳ ದಳದ ಬಗ್ಗೆ ಹೇಳಲು ಟೈಮ್ ಇದ್ದರೆ ಒಂದೇ ಹೆಸರು ಸಾಕು, ಹೇಝೆಲ್ ಯಿಂಗ್ ಲೀ. ಚೀನಾ ಮೂಲದವರು. 1944ರ ನವೆಂಬರ್‌ನಲ್ಲಿ ಫೈಟರ್ ವಿಮಾನ ತಲುಪಿಸುವಾಗ ಇನ್ನೊಂದು ವಿಮಾನ ಡಿಕ್ಕಿಯಾಗಿ ಸತ್ತರು. ವಾಸ್ಪ್‌ನಲ್ಲಿ ಸತ್ತವರು 38 ಜನ. ಅವರನ್ನು ಸೈನಿಕರು ಅಂತ ಸರ್ಕಾರ ಒಪ್ಪಿಕೊಂಡಿದ್ದು 1977ರಲ್ಲಿ.

ಈಗ ಮಕ್ಕಳಿಗೆ ಏನು ಕೆಲಸ ಕೊಡಬೇಕು? ಚಿತ್ರ ಬಿಡಿಸುವ ಸ್ಪರ್ಧೆ ದಯವಿಟ್ಟು ಬೇಡ. ಎಟಿಎ ಪೈಲಟ್‌ಗಳ ಹತ್ತಿರ ರಿಂಗ್ ಹಾಕಿದ ಒಂದು ಪುಟ್ಟ ಪುಸ್ತಕ ಇರುತ್ತಿತ್ತು. ಒಂದೊಂದು ಜಾತಿಯ ವಿಮಾನಕ್ಕೆ ಒಂದು ಕಾರ್ಡ್. ಎಂದೂ ಮುಟ್ಟದ ವಿಮಾನ ಬಂದರೆ ಆ ಕಾರ್ಡ್ ಓದಿಕೊಂಡು ಏರಿ ಹೊರಟುಬಿಡಬೇಕು, ಅಷ್ಟೇ. ನಾವು ಏಳನೇ ಕ್ಲಾಸಿನ ಮಕ್ಕಳಿಗೆ ಖಾಲಿ ಪೋಸ್ಟ್‌ಕಾರ್ಡ್ ಕೊಟ್ಟು ಹೇಳಿದೆವು: ನಿಮ್ಮ ಮನೆಯ ಟಿವಿಎಸ್, ಟಿಲ್ಲರ್, ಬೋರ್‌ವೆಲ್ ಮೋಟರ್, ಯಾವುದಾದರೂ ಸರಿ, ಅದನ್ನು ಜನ್ಮದಲ್ಲಿ ಮುಟ್ಟದವರು ಓದಿ ಸ್ಟಾರ್ಟ್ ಮಾಡುವ ಹಾಗೆ ಒಂದೇ ಕಾರ್ಡಲ್ಲಿ ಬರೆಯಿರಿ. ಆಮೇಲೆ ಆ ಕಾರ್ಡನ್ನು ಬೇರೆ ಮಗುವಿಗೆ ಕೊಟ್ಟು ಪರೀಕ್ಷೆ, ಪಕ್ಕದಲ್ಲಿ ದೊಡ್ಡವರೊಬ್ಬರು ನಿಂತಿರಬೇಕು. ಒಬ್ಬ ಹುಡುಗ ಅವರಪ್ಪನ ಹಳೇ ಟಿವಿಎಸ್ ಬಗ್ಗೆ ಬಹಳ ಚೆನ್ನಾಗಿ ಬರೆದಿದ್ದ. ಸ್ಟ್ಯಾಂಡ್ ಹಾಕು, ಚೋಕ್ ಎಳಿ, ಪೆಡಲ್ ತುಳಿ. ಹುಡುಗಿ ತುಳಿದಳು, ತುಳಿದಳು, ಬೆವರು ಕಿತ್ತುಬಂತು, ಗಾಡಿ ಮಾತ್ರ ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಪೆಟ್ರೋಲ್ ಕಾಕ್ ತಿರುಗಿಸು ಅಂತ ಬರೆಯುವುದನ್ನೇ ಅವನು ಮರೆತಿದ್ದ! ಇದೇ ತಪ್ಪು ಮೇಲೆ ಹೋದ ಮೇಲೆ ಆದರೆ ಏನು ಗತಿ ಅಂತ ಒಂದೇ ಪ್ರಶ್ನೆ ಕೇಳಿ. ಅಷ್ಟು ಸಾಕು.

ಊರಿನ ಸಂಬಂಧ ತೋರಿಸದಿದ್ದರೆ ಇದೆಲ್ಲ ದೂರದ ಕಥೆಯಾಗಿಯೇ ಉಳಿಯುತ್ತದೆ. ಕೋಲಾರದವರಿಗೆ ಇದು ಸುಲಭ, ಯಾಕೆಂದರೆ ಯುದ್ಧಕಾಲದಲ್ಲಿ ಇಲ್ಲೇ ಬ್ರಿಟಿಷ್ ಏರ್‌ಫೋರ್ಸ್ ನೆಲೆ ಇತ್ತು. ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್ ಹಾರಿಸುವುದನ್ನು ಇಲ್ಲಿ ಕಲಿಸುತ್ತಿದ್ದರು. ಅಲ್ಲಿನ ಜನರನ್ನೇ ಸೇರಿಸಿ 1944ರ ನವೆಂಬರ್ 8ಕ್ಕೆ 358ನೇ ಸ್ಕ್ವಾಡ್ರನ್ ಎಂಬ ವಾಯುದಳ ಹುಟ್ಟಿತು. ಆಮೇಲೆ ಅದು ಬಂಗಾಳದ ಕಡೆ ಹೋಗಿ ಬರ್ಮಾ, ಸಯಾಮ್ (ಈಗಿನ ಥೈಲ್ಯಾಂಡ್), ಇಂಡೋಚೈನಾದ ಕಾಡುಗಳಲ್ಲಿ ಗುಟ್ಟಾಗಿ ಜನರನ್ನೂ ಸಾಮಾನನ್ನೂ ಇಳಿಸುವ ಕೆಲಸ ಮಾಡಿತು. ಕೋಲಾರದ ಹೆಸರು ಚಿನ್ನಕ್ಕೆ ಮಾತ್ರ ಅಂದುಕೊಂಡವರಿಗೆ ಇದನ್ನು ಹೇಳಿ ಅವರ ಮುಖ ನೋಡಿ.

ತುಮಕೂರು, ಚಿಕ್ಕಬಳ್ಳಾಪುರದವರು ಎಚ್‌ಎಎಲ್‌ನಿಂದ ಶುರು ಮಾಡಬಹುದು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್, ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ಶುರು ಮಾಡಿದ ಕಂಪನಿ. 1943ರಲ್ಲಿ ಅಮೆರಿಕದ ಸೇನೆ ಅದನ್ನು ನಡೆಸತೊಡಗಿತು, ಸಾವಿರಾರು ಜನ ನಮ್ಮವರು ಅಲ್ಲಿ ರಿವೆಟ್ ಹೊಡೆದರು. ರಿಪೇರಿಗೆ ಬಂದ ಕ್ಯಾಟಲಿನಾ ಎಂಬ ನೀರಲ್ಲಿ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಹೌದು, ಅದೇ ಕೆರೆ, ನೊರೆ ಕಾರಿ ಸುದ್ದಿಯಾದದ್ದು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದ ಲಿಬರೇಟರ್‌ಗಳನ್ನು ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ ಬೆಂಗಳೂರಿಗೆ ಹಾರಿಸಿಕೊಂಡು ತಂದರು. 40ಕ್ಕೂ ಹೆಚ್ಚು ವಿಮಾನ ಇಲ್ಲಿ ಜೀವ ಪಡೆದು ಮತ್ತೆ ಏರ್‌ಫೋರ್ಸ್ ಸೇರಿದವು. ವಿಮಾನ ತಲುಪಿಸುವ ಕೆಲಸ ಅಂದರೆ ಏನು ಅನ್ನುವುದಕ್ಕೆ ನಮ್ಮ ಮನೆಯಂಗಳದ ಉದಾಹರಣೆ ಇದು.

ಹೆಸರು ಹುಡುಕುವ ಬಗ್ಗೆ ಹೇಳಿಬಿಡುತ್ತೇನೆ. ಯುದ್ಧದಲ್ಲಿ ಸತ್ತವರ ಗೋರಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಹುಡುಕಬಹುದು, ಹೆಸರು, ದಳ, ಸತ್ತ ದಿನ, ಸ್ಮಶಾನ ಎಲ್ಲ ಹಾಕಿ. ಈ ಭಾಗದಲ್ಲಿ ಸತ್ತವರಿಗೆ ಚೆನ್ನೈನ ಮದ್ರಾಸ್ ವಾರ್ ಸೆಮೆಟರಿ ಮೊದಲು ನೋಡಿ. ಗೋರಿಯೇ ಇಲ್ಲದ ವಾಯುಸೈನಿಕರ ಹೆಸರು ಸಿಂಗಪುರದ ಸ್ಮಾರಕದಲ್ಲಿರುತ್ತದೆ. ಆಮಿ ಜಾನ್ಸನ್ ಹೆಸರು ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದಲ್ಲಿದೆ. ಸಿಕ್ಕಿದ್ದನ್ನು ಕನ್ನಡದಲ್ಲಿ ಬರೆದುಕೊಂಡು, ಓದುವವರ ಕೈಲಿ ಹಿಂದಿನ ದಿನ ಎರಡು ಸಲ ಗಟ್ಟಿಯಾಗಿ ಓದಿಸಿ. ಹೆಸರು ತಡವರಿಸಿದರೆ ಸತ್ತವರಿಗೆ ಏನೂ ಆಗುವುದಿಲ್ಲ ನಿಜ, ಆದರೆ ಹಿಂದಿನ ಬೆಂಚಿನವರು ನಗುತ್ತಾರೆ. ಹತ್ತು ಹೆಸರಿಗಿಂತ ಜಾಸ್ತಿ ಬೇಡ. ಆಮೇಲೆ ಒಂದು ನಿಮಿಷ ಮೌನ. ಎರಡು ನಿಮಿಷ ಅಂದರೆ ಮಕ್ಕಳ ಕೈಯಲ್ಲಿ ಆಗುವುದಿಲ್ಲ, ದೊಡ್ಡವರ ಫೋನ್ ರಿಂಗ್ ಆಗುತ್ತದೆ.

ಒಂದು ಪ್ರಶ್ನೆ ಬಂದೇ ಬರುತ್ತದೆ, ತಯಾರಾಗಿರಿ. "ಬ್ರಿಟಿಷರ ಯುದ್ಧ ಅದು, ನಮಗೇನು?" ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ಕ್ಕೆ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿದ ಜಿಲ್ಲೆ ನಮ್ಮದು, ಆಗ ಅದು ಕೋಲಾರ ಜಿಲ್ಲೆಯೇ. ಹಾಗಾಗಿ ಕೇಳಿದವರ ಮೇಲೆ ಸಿಟ್ಟಾಗಬೇಡಿ, ಜಾರಿಕೊಳ್ಳಲೂ ಬೇಡಿ. ನಾನು ಹೇಳುವುದು ಇಷ್ಟೇ: ಸಾಮ್ರಾಜ್ಯಕ್ಕೆ ನಮಸ್ಕಾರ ಮಾಡಲು ಸೇರಿಲ್ಲ, 19 ವರ್ಷದ ಹುಡುಗನ ಹೆಸರು ಓದಲು ಸೇರಿದ್ದೇವೆ. ಮುಂದಿನ ವರ್ಷ ವಿದುರಾಶ್ವತ್ಥದವರ ಹೆಸರನ್ನೂ ಓದೋಣ, ನೀವೇ ಓದಿ. ಕೇಳಿದವರು ಒಪ್ಪಿಕೊಂಡರು, ಪಟ್ಟಿಯನ್ನೂ ಅವರೇ ತಂದುಕೊಟ್ಟರು.

ಇನ್ನೊಂದು ಪ್ರಶ್ನೆ ಹೆಣ್ಣುಮಕ್ಕಳದು, ನಮ್ಮವರು ಯಾರೂ ಇರಲಿಲ್ವಾ ಅಂತ. ಸರಳಾ ಥಕ್ರಾಲ್ 1936ರಲ್ಲಿ, 21ನೇ ವಯಸ್ಸಿನಲ್ಲಿ, ಸೀರೆ ಉಟ್ಟೇ ಜಿಪ್ಸಿ ಮಾತ್ ಎಂಬ ಪುಟ್ಟ ವಿಮಾನ ಹಾರಿಸಿ ಲೈಸೆನ್ಸ್ ಪಡೆದಿದ್ದರು. ಮುಂದಿನ ಲೈಸೆನ್ಸ್‌ಗೆ ತರಬೇತಿ ಪಡೆಯಲು ಹೋದಾಗ ಯುದ್ಧ ಶುರುವಾಗಿ ತರಬೇತಿಯೇ ನಿಂತುಹೋಯಿತು. ಅಲ್ಲಿ ಯುದ್ಧ ಹೆಂಗಸರಿಗೆ ಬಾಗಿಲು ತೆಗೆಯಿತು, ಇಲ್ಲಿ ಮುಚ್ಚಿತು. ನಮ್ಮ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ಬಂದಿದ್ದು 2016ರಲ್ಲಿ, ಅವರು ಹಾಕ್ ಜೆಟ್ ಹಾರಿಸಿ ಕಲಿತಿದ್ದು ನಮ್ಮ ಬೀದರ್‌ನಲ್ಲೇ.

ದಿನ ಯಾವುದು ಇಡಬೇಕು ಅಂದರೆ ಅಕ್ಟೋಬರ್ 8, ಏರ್‌ಫೋರ್ಸ್ ದಿನ, ಸುಲಭ. ಆದರೆ ಅವತ್ತು ಎಲ್ಲ ಕಡೆ ಏನಾದರೂ ಇದ್ದೇ ಇರುತ್ತದೆ. ಸೆಪ್ಟೆಂಬರ್ 7 ಕೊಡಗಿನ ಅಜ್ಜಮಾಡ ದೇವಯ್ಯ ಅವರ ದಿನ. 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಎಂಬ ಪಾಕ್ ಜೆಟ್ ಒಂದನ್ನು ಉರುಳಿಸಿ ತಾವೂ ಬಿದ್ದರು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, 23 ವರ್ಷ ತಡವಾಗಿ. ನಾನಂತೂ ಜನವರಿ 5ನ್ನೇ ಆರಿಸುತ್ತೇನೆ. ಆಮಿ ಜಾನ್ಸನ್ ದಿನ ಅನ್ನುವುದು ಒಂದು ಕಾರಣ, ಅವರೆಕಾಯಿ ಕಾಲ ಅನ್ನುವುದು ಇನ್ನೊಂದು. ಅವರೆಕಾಳು ಉಸಲಿ, ಬಿಸಿ ಕಾಫಿ ಇಟ್ಟರೆ ಚಳಿಯಲ್ಲೂ ಜನ ಬರುತ್ತಾರೆ.

ಆ ಉಸಲಿಯ ಹೊತ್ತಿಗೆ ಫೋನಿನ ರೆಕಾರ್ಡರ್ ಆನ್ ಮಾಡಿ, ಕೇಳಿಕೊಂಡೇ ಮಾಡಿ. ಮೈಕ್ ಮುಂದೆ "ನಂಗೇನೂ ಗೊತ್ತಿಲ್ಲ" ಅಂದವರು ತಟ್ಟೆ ಕೈಗೆ ಬಂದ ಮೇಲೆ ಮಾತಾಡುತ್ತಾರೆ. ಪ್ರಶ್ನೆ ಚಿಕ್ಕದಿರಲಿ: ಆಗ ಸದ್ದು ಹೇಗಿತ್ತು, ರಾತ್ರಿ ದೀಪ ಹಚ್ಚುತ್ತಿದ್ದರಾ, ಸೀಮೆಎಣ್ಣೆ ಸಿಗುತ್ತಿತ್ತಾ. ತೆಲುಗಲ್ಲಿ ಹೇಳಿದರೆ ತೆಲುಗಲ್ಲೇ ಹೇಳಲು ಬಿಡಿ. ಹೋದ ಸಲ ಒಬ್ಬರು ಅಜ್ಜಿ ಕಾಳು ಬಾಯಿಗೆ ಹಾಕಿಕೊಳ್ಳುತ್ತಾ ಅವರಮ್ಮ ಹೇಳುತ್ತಿದ್ದದ್ದನ್ನು ಹೇಳಿದರು. ಏರೋಪ್ಲೇನ್ ಒಂದು ಹುಣಸೇಮರದ ಮೇಲೇ ಹೋದ ಹಾಗೆ ಹೋಯಿತಂತೆ, ಹಸು ಹಗ್ಗ ಕಿತ್ತುಕೊಂಡು ಓಡಿತಂತೆ, ಮನೆಯವರೆಲ್ಲ ಲಾಟೀನು ಹಿಡಿದು ಕೆರೆಯಂಗಳದಲ್ಲಿ ರಾತ್ರಿಯೆಲ್ಲ ಅದನ್ನು ಹುಡುಕಿದರಂತೆ.