ಕಾರು ಸರ್ವಿಸ್‌ಗೆ ಬಿಡುವ ಮುನ್ನ ಜಾಬ್ ಕಾರ್ಡ್ ಸರಿಯಾಗಿ ಬರೆಸಿ

ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಆಗ ಸರ್ವಿಸ್. ಓನರ್ಸ್ ಮ್ಯಾನ್ಯುವಲ್‌ನ ಪಟ್ಟಿಯಲ್ಲಿ ಇಲ್ಲದ ಎಂಜಿನ್ ಫ್ಲಶ್ (ಎಂಜಿನ್ ಒಳಭಾಗ ತೊಳೆಯುವುದು), ಎ.ಸಿ. ಕ್ಲೀನಿಂಗ್ ಎಸ್ಟಿಮೇಟಿನಲ್ಲಿ ಸೇರಿದ್ದರೆ ಸಹಿ ಹಾಕುವ ಮೊದಲೇ ತೆಗೆಸಿ.

ಜಾಬ್ ಕಾರ್ಡಿನಲ್ಲಿ (ಕಾರಿನ ದೂರು, ಮಾಡಬೇಕಾದ ಕೆಲಸ ಬರೆದುಕೊಳ್ಳುವ ಹಾಳೆ) ‘ಸೌಂಡ್ ಬರುತ್ತೆ’ ಎಂದಷ್ಟೇ ಬರೆಸಬೇಡಿ. ‘ಹಂಪ್ ಇಳಿಯುವಾಗ ಮುಂದಿನ ಎಡ ಚಕ್ರದ ಹತ್ತಿರ ಟಕ್‌ಟಕ್’ ಎಂದರೆ ಮೆಕ್ಯಾನಿಕ್ ನೇರವಾಗಿ ಸಸ್ಪೆನ್ಶನ್ ಭಾಗಗಳಾದ ಸ್ಟೆಬಿಲೈಸರ್ ಲಿಂಕ್, ಬುಷ್‌ಗಳನ್ನು ನೋಡುತ್ತಾರೆ. ಕಾರು ಒಪ್ಪಿಸಿಕೊಳ್ಳುವ ಸರ್ವಿಸ್ ಅಡ್ವೈಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡ್ ಓಡಿಸಿ ಕೇಳಿಸುವುದು ಇನ್ನೂ ಒಳ್ಳೆಯದು. ಇದಕ್ಕೆ ಸಂಕೋಚ ಬೇಡವೇ ಬೇಡ.

ಆಯಿಲ್ ಬದಲಿಸುವಾಗ ಫಿಲ್ಟರ್ ಜೊತೆಗೆ ಹಳೇ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ವಾಷರ್ ಕೂಡ ಹೊಸದು ಹಾಕಿಸಿ. ಚಪ್ಪಟೆಯಾದ ಹಳೇ ವಾಷರ್ ಸರಿಯಾಗಿ ಕೂರದೆ ಆಯಿಲ್ ಹನಿಯುತ್ತದೆ. ಬಿಚ್ಚಿದ ಹಳೇ ಪಾರ್ಟುಗಳನ್ನು ಕೇಳಿ ಪಡೆದು ನೋಡಿ. ಮಣ್ಣಿನ ರಸ್ತೆಯಲ್ಲಿ ಓಡುವ ಕಾರಿಗೆ ಏರ್ ಫಿಲ್ಟರ್ ಧೂಳಿನಿಂದ ಬೇಗ ಕಟ್ಟಿಕೊಳ್ಳುತ್ತದೆ.

ಬ್ರೇಕ್ ಫ್ಲೂಯಿಡ್ ಮರೆಯಬೇಡಿ. ಅದು ಗಾಳಿಯ ತೇವ ಹೀರುತ್ತದೆ. ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬ್ರೇಕ್ ಕಾದರೆ ಆ ನೀರು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು.

ಡೆಲಿವರಿ ವೇಳೆ ಸಮತಟ್ಟು ಜಾಗದಲ್ಲಿ ಎಂಜಿನ್ ಆಫ್ ಮಾಡಿ, 5 ನಿಮಿಷ ಬಿಟ್ಟು, ಆಯಿಲ್ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತು ದಾಟಿದ್ದರೆ ಅಲ್ಲೇ ತೆಗೆಸಿ. ಹೆಚ್ಚಾದ ಆಯಿಲ್ ನೊರೆಯಾಗಿ ಎಂಜಿನ್‌ಗೆ ಹಾನಿ.